ಡ್ರೈಸೂಟ್ ಮತ್ತು ಒಳಸೂಟ್: ಆರು ಚಳಿಗಾಲ ಬಳಸಿದ ಮೇಲೆ

ಈ ವಿಮರ್ಶೆ ತಣ್ಣೀರಿನ ಡೈವಿಂಗಿಗೆ ಬಳಸುವ ಎರಡು ವಸ್ತುಗಳ ಬಗ್ಗೆ: ಎದೆಯ ಮೇಲೆ ಓರೆಯಾಗಿ ಜಿಪ್ ಇರುವ, ಕತ್ತು-ಮಣಿಕಟ್ಟಿನಲ್ಲಿ ನೀರು ನುಗ್ಗದಂತೆ ಲ್ಯಾಟೆಕ್ಸ್ ರಬ್ಬರಿನ ಸೀಲ್ ಇರುವ ಟ್ರೈಲ್ಯಾಮಿನೇಟ್ (ಮೂರು ಪದರದ) ಡ್ರೈಸೂಟ್, ಅದರೊಳಗೆ ತೊಡುವ, ಚದರ ಮೀಟರಿಗೆ 200 ಗ್ರಾಮಿನ ಥಿನ್ಸುಲೇಟ್ ಎಂಬ ಕೃತಕ ನಾರಿನ ಒಳಸೂಟ್. ಬಳಸಿದ್ದು ಚಳಿಗಾಲದಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿರುವ ಸ್ಟೋನಿ ಕೋವ್ ಎಂಬ ನೀರು ತುಂಬಿದ ಹಳೆ ಕಲ್ಲುಗಣಿಯಲ್ಲಿ, ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಎಂಬ ಕೊಲ್ಲಿಯಲ್ಲಿ. ಗಣಿಯ ನೀರು ಫೆಬ್ರವರಿಯಲ್ಲಿ 4–6 ಡಿಗ್ರಿ. 1919ರ ಜೂನ್ 21ರಂದು ಜರ್ಮನ್ ನೌಕಾಪಡೆ ತನ್ನ ಹಡಗುಗಳನ್ನು ತಾನೇ ಮುಳುಗಿಸಿದ ಸ್ಕಾಪಾದಲ್ಲಿ ಬೇಸಿಗೆಯ ಕೊನೆಗೂ 12–13 ಡಿಗ್ರಿ ಅಷ್ಟೇ. ನೇತ್ರಾಣಿಯ 28 ಡಿಗ್ರಿ ಆಸುಪಾಸಿನ ನೀರಿನಲ್ಲಿ ಡೈವಿಂಗ್ ಕಲಿತು ಬ್ರಿಟನ್ನಿಗೆ ಬಂದ ಕನ್ನಡಿಗರು ಮೊದಲು ಕೇಳುವ ಪ್ರಶ್ನೆ "ಯಾವ ಸೂಟ್ ಬೆಚ್ಚಗಿರುತ್ತೆ?" ಪ್ರಶ್ನೆಯೇ ತಪ್ಪು. ಟ್ರೈಲ್ಯಾಮಿನೇಟ್ ಸೂಟ್ ಬರೀ ಚೀಲ. ಎರಡು ಪದರ ಬಟ್ಟೆ, ನಡುವೆ ತೆಳು ಬ್ಯುಟೈಲ್ ರಬ್ಬರ್. ಅದು ನೀರನ್ನು ತಡೆಯುತ್ತೆ, ಚಳಿಯನ್ನಲ್ಲ. ಬೆಚ್ಚಗಿಡುವುದು ಒಳಸೂಟ್ ಹಿಡಿದಿಟ್ಟ ಗಾಳಿ.

ಕಂಪನಿಯ ಹೆಸರು ಹಾಕಿಲ್ಲ. ಸೂಟಿಗೆ ಗಾಳಿ ತುಂಬುವ, ಬಿಡುವ ವಾಲ್ವ್ ಬಹುಪಾಲು ಎಸ್‌ಐ ಟೆಕ್ ಅಥವಾ ಅಪೆಕ್ಸ್, ಜಿಪ್ ವೈಕೆಕೆ ಅಥವಾ ಟೈಜಿಪ್. ಹೆಚ್ಚಿನ ಸೂಟುಗಳಲ್ಲಿ ಇವೇ. ಕಂಪನಿಯಿಂದ ಕಂಪನಿಗೆ ನಿಜವಾಗಿ ಬದಲಾಗುವುದು ಕತ್ತರಿಸಿದ ಅಳತೆ, ಹೊಲಿಗೆಯ ಮೇಲಿನ ಟೇಪ್.

ಅಳತೆ ನೋಡುವಾಗ ಒಳಗೆ ಬನಿಯನ್ ಹಾಕಿಕೊಂಡು ನೋಡಿದರೆ ದುಡ್ಡು ನೀರಿಗೆ ಹಾಕಿದಂತೆ. ನಿಮ್ಮ ಅತಿ ದಪ್ಪ ಒಳಸೂಟ್ ತೊಟ್ಟು, ಜಿಪ್ ಎಳೆದು, ಕುಕ್ಕರುಗಾಲಲ್ಲಿ ಕೂತು ಒಳಗಿನ ಗಾಳಿ ಕತ್ತಿನ ಸೀಲಿನಿಂದ ಹೊರಹಾಕಿ. ಆಮೇಲೆ ಎರಡೂ ಕೈ ತಲೆಯ ಹಿಂದಕ್ಕೆ ಒಯ್ದು, ಬೆನ್ನ ಮೇಲೆ ಸಿಲಿಂಡರಿನ ವಾಲ್ವ್ ಇರುವ ಜಾಗ ಮುಟ್ಟಬೇಕು. ಮಂಡಿ ಪೂರ್ತಿ ಮಡಚಬೇಕು. ತೊಡೆಸಂದಿ ಎಳೆದರೆ ಸೂಟ್ ಚಿಕ್ಕದು. ಕಾಲಿನಲ್ಲಿ ಬಟ್ಟೆ ನೆರಿಗೆ ಬಿದ್ದು ಜೋಲಾಡಿದರೆ ದೊಡ್ಡದು, ಆ ನೆರಿಗೆಗೆಲ್ಲ ಗಾಳಿ ಸೇರಿ ಕಾಲು ಮೇಲಕ್ಕೇಳುತ್ತೆ. ಬೂಟನ್ನು ಎರಡು ಜೊತೆ ಕಾಲುಚೀಲದ ಮೇಲೆ ನೋಡಿ, ಬೆರಳು ಆಡಬೇಕು. ಬಿಗಿಯಾದ ಬೂಟಿನಲ್ಲಿ ಮೂರನೇ ಕಾಲುಚೀಲ ತುರುಕಿದರೆ ಕಾಲು ಇನ್ನೂ ಬೇಗ ಮರಗಟ್ಟುತ್ತೆ, ಯಾಕೆಂದರೆ ಗಾಳಿಗೂ ರಕ್ತಕ್ಕೂ ಜಾಗ ಇರಲ್ಲ. ಹಳೆಯ ಫಿನ್ ಈ ಬೂಟಿಗೆ ಹಿಡಿಸುವುದು ಕಷ್ಟ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಯೋಪ್ರೀನ್ (ಸಣ್ಣ ಗಾಳಿಗುಳ್ಳೆ ತುಂಬಿದ ರಬ್ಬರ್) ಡ್ರೈಸೂಟ್ ಯಾಕೆ ಬೇಡ ಎಂದರೆ, ಬೇಡ ಅಂತಲ್ಲ. ಅದಕ್ಕೆ ತನ್ನದೇ ಬಿಸುಪು ಇದೆ, ಮೈಗೆ ಹೊಂದುತ್ತೆ, ಕಲ್ಲಿಗೆ ತಾಗಿದರೂ ತಾಳುತ್ತೆ. ಆದರೆ ಸಾಮಾನ್ಯ ನಿಯೋಪ್ರೀನಿನ ಗುಳ್ಳೆಗಳು ಆಳದಲ್ಲಿ ಅಮುಕಿ ತೆಳುವಾಗುತ್ತವೆ. ಸ್ಕಾಪಾದ ಹಡಗುಗಳಿರುವ 25–45 ಮೀಟರಿನಲ್ಲಿ, ಬಿಸುಪು ಬೇಕಾದಾಗಲೇ ಅದು ಕೈಕೊಡುತ್ತೆ. ಮೊದಲೇ ಒತ್ತಿ ತಯಾರಿಸಿದ ಕ್ರಶ್ಡ್ ನಿಯೋಪ್ರೀನಿಗೆ ಈ ತೊಂದರೆ ಕಡಿಮೆ, ತೂಕ ಮಾತ್ರ ಜಾಸ್ತಿ. ಟ್ರೈಲ್ಯಾಮಿನೇಟ್ ಎರಡು ಡೈವ್ ನಡುವೆ ಒಣಗುತ್ತೆ, ಒಳಗಿನ ಬಟ್ಟೆ ಬದಲಿಸಿದರೆ 4 ಡಿಗ್ರಿಗೂ 14 ಡಿಗ್ರಿಗೂ ಒಂದೇ ಸೂಟ್ ಸಾಕು.

ಈಗ ಒಳಗಿನದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತೆ, ಹಾಗಾಗಿ ಬೆವರಿನ ಒದ್ದೆಯೂ ಶತ್ರುವೇ. ಮೈಗೆ ಅಂಟಿಕೊಂಡಿರುವ ಮೊದಲ ಪದರ ಮೆರಿನೋ ಉಣ್ಣೆ ಅಥವಾ ಪಾಲಿಪ್ರೊಪಿಲೀನ್. ಹತ್ತಿ ಬನಿಯನ್, ಹತ್ತಿ ಕಾಲುಚೀಲ ಕಾರಿನಲ್ಲೇ ಬಿಡಿ. ಬೆವರು ಕುಡಿದ ಹತ್ತಿ ಮಳೆಗಾಲದಲ್ಲಿ ಹಗ್ಗದ ಮೇಲೆ ಮೂರು ದಿನ ತೂಗಿದ ಬಟ್ಟೆಯ ಹಾಗೆ, ಒಣಗುವುದೂ ಇಲ್ಲ, ಬಿಸಿಯಾಗುವುದೂ ಇಲ್ಲ. ಅದರ ಮೇಲೆ 200 ಗ್ರಾಮಿನ ಥಿನ್ಸುಲೇಟ್. 10–13 ಡಿಗ್ರಿಯಲ್ಲಿ 45 ನಿಮಿಷಕ್ಕೆ ಈ ಜೋಡಿ ಸಾಕು. 4–6 ಡಿಗ್ರಿಗೆ ನಡುವೆ ಒಂದು ಫ್ಲೀಸ್ ತೋಳಿಲ್ಲದ ಜಾಕೆಟ್ ಸೇರಿಸಬೇಕು, ಅಥವಾ 400 ಗ್ರಾಮಿನದಕ್ಕೇ ಹೋಗಬೇಕು. ಬರೀ ಫ್ಲೀಸ್ ಸೂಟ್ ಅಗ್ಗ, ಮೆತ್ತಗೂ ಇರುತ್ತೆ. ಆದರೆ ಸೂಟ್ ಅಮುಕಿದಾಗ ಹಳೆಯ ದಿಂಬಿನ ಹತ್ತಿಯ ಹಾಗೆ ಕುಸಿಯುತ್ತೆ. ಥಿನ್ಸುಲೇಟ್ ಅಷ್ಟು ಕುಸಿಯಲ್ಲ, ಸ್ವಲ್ಪ ಒದ್ದೆಯಾದರೂ ಕೆಲಸ ಮಾಡುತ್ತೆ. ಆರನೇ ವರ್ಷಕ್ಕೆ ನಮ್ಮದು ಕುಂಡಿ ಮತ್ತು ಮೊಣಕೈ ಹತ್ತಿರ ತೆಳುವಾಗಿದೆ, ಉಳಿದಂತೆ ಗಟ್ಟಿ. ಒಗೆಯಲು ಸೌಮ್ಯ ಸೋಪು, ತಣ್ಣೀರು. ಫ್ಯಾಬ್ರಿಕ್ ಸಾಫ್ಟನರ್ ಹಾಕಬಾರದು.

ಕೊಳ್ಳುವಾಗ ಒಂದು ಸಣ್ಣ ವಿಷಯ ನೋಡಿ: ಒಳಸೂಟಿನ ಎಡ ತೋಳಿನಲ್ಲಿ, ಗಾಳಿ ಬಿಡುವ ವಾಲ್ವಿನ ನೇರಕ್ಕೆ, ಜಾಲರಿ ತುಂಡೋ ಸಣ್ಣ ರಂಧ್ರವೋ ಇದೆಯಾ? ಇಲ್ಲದಿದ್ದರೆ ಬಟ್ಟೆ ವಾಲ್ವಿಗೆ ಒಳಗಿನಿಂದ ಒತ್ತಿಕೊಂಡು ಗಾಳಿ ಹೊರಹೋಗಲ್ಲ. ಕೊನೆಯ 10 ಮೀಟರಿನಲ್ಲಿ ಗಾಳಿಯ ಗಾತ್ರ ಎರಡರಷ್ಟಾಗುವಾಗ ಇದು ಆಟವಲ್ಲ. ವಾಲ್ವ್ ಪೂರ್ತಿ ತೆರೆದೇ ಇರಲಿ, ಎಡ ಮೊಣಕೈ ಎತ್ತಿದರೆ ಸಾಕು. ಕಾಲಿಗೆ ಗಾಳಿ ಸೇರಿ ತಲೆಕೆಳಗಾದರೆ ಮಂಡಿ ಎದೆಗೆ ಮಡಚಿ ಉರುಳಿ, ತಲೆ ಮೇಲಾಗುತ್ತಲೇ ಗಾಳಿ ಬಿಡಿ. ಇದನ್ನು ತರಬೇತುದಾರರ ಜೊತೆ ಆಳವಿಲ್ಲದ ನೀರಿನಲ್ಲಿ ಕಲಿಯದೆ ಕ್ವಾರಿಗೆ ಇಳಿಯಬೇಡಿ.

ಬ್ಯಾಟರಿಯಿಂದ ಬಿಸಿಯಾಗುವ ವೆಸ್ಟ್ ಬಗ್ಗೆ ನಮಗೆ ಅನುಮಾನ ಉಳಿದಿದೆ. ಅಮೆರಿಕ ನೌಕಾಪಡೆಯ ಎಕ್ಸ್‌ಪೆರಿಮೆಂಟಲ್ ಡೈವಿಂಗ್ ಯೂನಿಟ್ 2007ರ ವರದಿಯಲ್ಲಿ ಕಂಡಿದ್ದು ಇದು: ತಳದಲ್ಲಿ ಬೆಚ್ಚಗಿದ್ದು ಮೇಲೇರುವಾಗ ಚಳಿ ಹತ್ತಿದರೆ ಡಿಕಂಪ್ರೆಷನ್ ಕಾಯಿಲೆಯ (ಮೇಲೇರುವಾಗ ಮೈಯೊಳಗೆ ಗ್ಯಾಸಿನ ಗುಳ್ಳೆ ಏಳುವುದು) ಸಂಭವ ಹೆಚ್ಚು. ವೆಸ್ಟಿನ ಬ್ಯಾಟರಿ ನಡುವೆ ಸತ್ತರೆ ಆಗುವುದು ಅದೇ. ವೆಸ್ಟ್ ಇದ್ದರೂ ಅದಿಲ್ಲದೆ ಡೈವ್ ಮುಗಿಸುವಷ್ಟು ಒಳಸೂಟ್ ಇರಬೇಕು. ಕೆಲವರು ಸೂಟಿಗೆ ಗಾಳಿಯ ಬದಲು ತುಂಬುವ ಆರ್ಗಾನ್ ಗ್ಯಾಸ್ ಶಾಖ ಸಾಗಿಸುವುದು ಗಾಳಿಯ ಮೂರನೇ ಎರಡರಷ್ಟು ಮಾತ್ರ, ಆದರೂ ನಮ್ಮಂಥ ಡೈವಿಗೆ ಅದರ ಬದಲು ದಪ್ಪ ಕಾಲುಚೀಲ ಕೊಳ್ಳುವುದು ಲಾಭ. ಹೀಲಿಯಂ ಬೆರೆತ ಗ್ಯಾಸನ್ನು ಮಾತ್ರ ಸೂಟಿಗೆ ಎಂದೂ ತುಂಬಬಾರದು. ಹೀಲಿಯಂ ಗಾಳಿಗಿಂತ ಆರು ಪಟ್ಟು ಬೇಗ ಶಾಖ ಕದಿಯುತ್ತೆ.

ಸೀಲುಗಳು ಮುಗಿದುಹೋಗುವ ವಸ್ತು, ಇದನ್ನು ಮೊದಲೇ ಒಪ್ಪಿಕೊಳ್ಳಿ. ಆರು ವರ್ಷದಲ್ಲಿ ಮಣಿಕಟ್ಟಿನದು ಎರಡು ಸಲ, ಕತ್ತಿನದು ಒಂದು ಸಲ ಬದಲಾಗಿವೆ. ಬಿಸಿಲು, ಓಝೋನ್, ಸನ್‌ಸ್ಕ್ರೀನ್, ತಲೆಗೆ ಹಚ್ಚಿದ ಎಣ್ಣೆ, ಎಲ್ಲವೂ ಲ್ಯಾಟೆಕ್ಸನ್ನು ತಿನ್ನುತ್ತವೆ. ಬೆರಳಿಗೆ ಅಂಟಂಟಾದರೆ ಅಥವಾ ಎಳೆದಾಗ ಕೂದಲೆಳೆಯ ಬಿರುಕು ಕಂಡರೆ ಅದರ ಕಾಲ ಮುಗಿಯಿತು. ತೊಡುವಾಗ ಬಳೆ ತೊಡಿಸಿಕೊಳ್ಳುವ ಹಾಗೆ ಅಂಗೈ ಕಿರಿದು ಮಾಡಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಸುಗಂಧವಿಲ್ಲದ ಟಾಲ್ಕ್ ಸವರಿ ಜಾರಿಸಿ. ಉಗುರು ಚುಚ್ಚಿದರೆ ಅಲ್ಲಿಗೇ ಹರಿಯುತ್ತೆ. ಕತ್ತಿನ ಸೀಲ್ ಬಿಗಿಯಾಗಿದ್ದರೆ ತಲೆ ಸುತ್ತಿ ಕಣ್ಣು ಕತ್ತಲೆ ಬರಬಹುದು, ಕುತ್ತಿಗೆಯ ರಕ್ತನಾಳದ ಮೇಲೆ ಒತ್ತಡ ಬಿದ್ದು. ಅಚ್ಚಾದ ಗೆರೆಗಳ ಮೇಲೆ ಒಂದೊಂದೇ ಗೆರೆ ಹರಿತ ಕತ್ತರಿಯಿಂದ ಕತ್ತರಿಸಿ ನೋಡುತ್ತ ಹೋಗಿ. ಅಂಚು ಮುಕ್ಕಾದರೆ ಅಲ್ಲಿಂದಲೇ ಬಿರಿಯುತ್ತೆ. ಸಿಲಿಕೋನ್ ಸೀಲ್ ಮೆತ್ತಗೆ, ಅದನ್ನು ಸಿಕ್ಕಿಸುವ ರಿಂಗ್ ಸೂಟಿನಲ್ಲಿ ಇದ್ದರೆ ದೋಣಿಯಲ್ಲೇ ಬದಲಿಸಬಹುದು. ಆದರೆ ಅದನ್ನು ಸೂಟಿಗೆ ಅಂಟಿಸಲಾಗದು, ಹರಿಯುವುದೂ ಬೇಗ.

ಸೂಟಿನೊಳಗೆ ಒದ್ದೆ ಕಂಡರೆ ಎಲ್ಲವೂ ಸೋರಿಕೆಯಲ್ಲ. ಬೆನ್ನು, ಎದೆ ಎಲ್ಲೆಡೆ ಸಮನಾಗಿ ತೇವ ಎಂದರೆ ಬೆವರು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಗೆರೆಯಲ್ಲಿ ಒದ್ದೆ ಎಂದರೆ ಸೀಲು: ಮುಷ್ಟಿ ಹಿಡಿದಾಗ ಎದ್ದು ನಿಲ್ಲುವ ನರದ ಪಕ್ಕದ ತಗ್ಗಿನಲ್ಲಿ ನೀರು ನುಗ್ಗಿರುತ್ತೆ. ಸೀಲನ್ನು ಮುಂಗೈ ಮೇಲೆ ಎರಡು ಬೆರಳಗಲ ಏರಿಸಿದರೆ ಬಹುಪಾಲು ನಿಲ್ಲುತ್ತೆ. ತೊಡೆಸಂದಿಯ ಹೊಲಿಗೆಯ ಸೂಜಿರಂಧ್ರ ಹುಡುಕಲು ಪಂಚರ್ ಅಂಗಡಿಯ ವಿದ್ಯೆಯೇ ಸಾಕು. ಮಣಿಕಟ್ಟಿಗೆ ಬಾಟಲಿ, ಕತ್ತಿಗೆ ಚೆಂಡು ಸಿಕ್ಕಿಸಿ, ತೋಳಿನ ವಾಲ್ವ್ ಮುಚ್ಚಿ, ಗಾಳಿ ತುಂಬಿ, ಸೋಪುನೀರು ಸವರಿ. ಗುಳ್ಳೆ ಎದ್ದಲ್ಲಿ ಗುರುತು ಹಾಕಿ, ಒಣಗಿದ ಮೇಲೆ ಒಳಗಿನಿಂದ ಅಕ್ವಾಶೂರ್ ಅಂಟು ಹಚ್ಚಿ ಒಂದು ರಾತ್ರಿ ಬಿಡಿ. ಸೂಟಿನ ಬಟ್ಟೆಗೆ ಸಿಲಿಕೋನ್ ಸ್ಪ್ರೇ ಹೊಡೆದವರಿಗೆ ಆ ಜಾಗದಲ್ಲಿ ಮುಂದೆ ಯಾವ ಅಂಟೂ ಹಿಡಿಯಲ್ಲ.

ಪೂರ್ತಿ ನೀರು ತುಂಬುವುದು ಮಾತ್ರ ಹೆಚ್ಚಾಗಿ ಜಿಪ್ಪಿನಿಂದ, ಅದೂ ಕೊನೆಯ ಅರ್ಧ ಇಂಚು ಮುಚ್ಚದೆ ಬಿಟ್ಟದ್ದರಿಂದ. ಜೊತೆಗಾರರು ಬೆರಳಿಟ್ಟು ನೋಡಲಿ. ಹಿತ್ತಾಳೆ ಜಿಪ್ಪಿಗೆ ಹೊರಗಿನ ಹಲ್ಲಿಗೆ ಮೇಣ. ಪ್ಲಾಸ್ಟಿಕ್ ಟೈಜಿಪ್ಪಿಗೆ ಸ್ಲೈಡರ್ ಹೋಗಿ ಕೂರುವ ತುದಿಗೆ ಅದರದೇ ಗ್ರೀಸ್. ಚೂಪಾಗಿ ಮಡಚಿಟ್ಟರೆ ಎರಡೂ ಹಾಳು.

ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟ್ ಎಷ್ಟು ಕಿಲೋ ಎಂದು ಇಲ್ಲಿ ಬರೆದರೆ ಯಾರಿಗೂ ಉಪಯೋಗವಿಲ್ಲ, ಪ್ರತಿ ಒಳಸೂಟಿಗೂ ಬೇರೆ. ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಿರುವಾಗ, 3–5 ಮೀಟರಿನಲ್ಲಿ, ಸೂಟಿನಲ್ಲಿ ಬೆಚ್ಚಗಿರುವಷ್ಟೇ ಗಾಳಿ ಇಟ್ಟುಕೊಂಡು ಅಲುಗದೆ ನಿಲ್ಲಲು ಆದರೆ ಅದೇ ಸರಿಯಾದ ತೂಕ. 12 ಲೀಟರ್ ಸಿಲಿಂಡರಿನ ಗಾಳಿ 230ರಿಂದ 50 ಬಾರಿಗೆ ಇಳಿಯುವಾಗ ಸುಮಾರು 2.6 ಕಿಲೋ ಹಗುರಾಗುತ್ತೆ, ಅದಕ್ಕೇ ಪರೀಕ್ಷೆ ಡೈವಿನ ಕೊನೆಗೆ. ತೂಕ ಕಡಿಮೆಯಿದ್ದವರು ಗಾಳಿ ಹಿಂಡಿ ಹಿಂಡಿ ಒಳಸೂಟನ್ನು ಚಪ್ಪಟೆ ಮಾಡಿಕೊಂಡು, ಚಳಿ ಎಂದು ದೂರುತ್ತಾರೆ.

ಉಳಿದದ್ದು ಕೈ. ತಲೆಗೆ 7 ಮಿಮೀ ಹುಡ್ ಸಾಕು, ಕೈಗೆ 5 ಡಿಗ್ರಿಯಲ್ಲಿ ಒದ್ದೆ ಗ್ಲೋವ್ (ಒಳಗೆ ನೀರು ಬರುವಂಥದ್ದು) 20 ನಿಮಿಷದಾಚೆ ಸಾಲಲಿಲ್ಲ. ಈಗಿರುವುದು ರಿಂಗಿನಿಂದ ಸೂಟಿಗೆ ಸೇರುವ, ನೀರು ಒಳಬಾರದ ಡ್ರೈಗ್ಲೋವ್, ಒಳಗೆ ಉಣ್ಣೆಯ ಗ್ಲೋವ್. ಆಳಕ್ಕಿಳಿದಂತೆ ಗ್ಲೋವ್ ಬೆರಳಿಗೆ ಕಚ್ಚಿಕೊಳ್ಳುತ್ತೆ. ಮಣಿಕಟ್ಟಿನ ಸೀಲಿನ ಕೆಳಗೆ ಒಂದು ಉಣ್ಣೆದಾರ ತೂರಿಸಿದರೆ ಸೂಟಿನ ಗಾಳಿ ಅದರ ಪಕ್ಕದಿಂದ ಗ್ಲೋವಿಗೆ ಹರಿಯುತ್ತೆ. ಗ್ಲೋವ್ ತೂತಾದರೆ ನೀರೂ ಅದೇ ದಾರದ ಜಾಡಿನಲ್ಲಿ ತೋಳಿಗೆ ಬರುತ್ತೆ, ಆದ್ದರಿಂದ ತುಕ್ಕು ಹಿಡಿದ ಹಡಗಿನ ಕಬ್ಬಿಣ ಮುಟ್ಟುವ ದಿನ ದಾರ ತೆಗೆದು, ನೀರಿಗಿಳಿಯುವ ಮುಂಚೆಯೇ ಬೆರಳಿನಿಂದ ಸೀಲ್ ಎತ್ತಿ ಗ್ಲೋವಿಗೆ ಒಂದಿಷ್ಟು ಗಾಳಿ ಬಿಟ್ಟುಕೊಳ್ಳುತ್ತೇವೆ.