ಕಾದಂಬರಿ ಅಚ್ಚು ಹಾಕಿಸಲು ‘ಪ್ಯಾಕೇಜ್’ ತೆಗೆದುಕೊಳ್ಳುವ ಮುಂಚೆ ಇದನ್ನು ಓದಿ

ಆ್ಯಪ್‌ಗಳಲ್ಲಿ ಧಾರಾವಾಹಿ ಬರೆಯುವ ಕನ್ನಡದ ಲೇಖಕರಿಗೆ, ಅದರಲ್ಲೂ ಮೊದಲ ಕಾದಂಬರಿ ಮುಗಿಸಿದವರಿಗೆ, ಈಗ ಒಂದು ಬಗೆಯ ಫೋನ್ ಬರುತ್ತಿದೆ. ‘ಮೇಡಂ, ನಿಮ್ಮ ಕಥೆ ನಮ್ಮ ಸಂಪಾದಕರಿಗೆ ತುಂಬಾ ಹಿಡಿಸಿದೆ, ಪುಸ್ತಕ ಮಾಡೋಣ’ ಎಂದು ಮಾತು ಶುರುವಾಗುತ್ತದೆ. ಆದರೆ ಅಚ್ಚು ಹಾಕಿಸುವ ದುಡ್ಡು ಲೇಖಕಿಯೇ ಕಟ್ಟಬೇಕು, ಅದಕ್ಕೇ ಅವರು ‘ಪ್ಯಾಕೇಜ್’ ಎನ್ನುವುದು. ನನಗೂ ಬಂತು. ಪುಸ್ತಕವೂ ಆಯಿತು. ಅದರಲ್ಲಿ ದುಡ್ಡು ಹೋಯಿತು, ಓದುಗರು ಹೋದರು, ಕೊನೆಗೆ ಕಥೆಯ ಹಕ್ಕೂ ಕೈತಪ್ಪಿತು. ದುಡ್ಡು ಹೋದ ಕಥೆಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹಕ್ಕಿನ ಬಗ್ಗೆ ಮಾತಾಡುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ, ದೂರು ವಿಚಾರಣೆಯಲ್ಲಿದೆ. ಅಲ್ಲದೆ ಇದೇ ಕೆಲಸ ಮಾಡುವವರು ಇನ್ನೂ ಇದ್ದಾರೆ. ಅವರ ದಾರಿ ಗೊತ್ತಿದ್ದರೆ ಯಾರೇ ಫೋನ್ ಮಾಡಿದರೂ ಗುರುತು ಸಿಗುತ್ತದೆ.

ನಾನು ತಿಪಟೂರಿನ ಕಡೆಯವಳು. ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಬೆಳೆದ ಮೂವರು ಅಕ್ಕತಂಗಿಯರ ಕಥೆಯನ್ನು ಕಂತು ಕಂತಾಗಿ ಬರೆಯುತ್ತಿದ್ದೆ. ರಾತ್ರಿ ಊಟ ಆದ ಮೇಲೆ ಒಂದು ಕಂತು ಹಾಕಿದರೆ ಬೆಳಗಾಗುವಷ್ಟರಲ್ಲಿ ಪ್ರತಿಕ್ರಿಯೆಗಳು ತುಂಬಿರುತ್ತಿದ್ದವು. ‘ಅಕ್ಕಾ, ದೊಡ್ಡವಳಿಗೆ ಇಷ್ಟು ಕಷ್ಟ ಕೊಡಬೇಡಿ’, ‘ಮುಂದಿನ ಕಂತು ಯಾವಾಗ?’ ನೈಟ್ ಡ್ಯೂಟಿಯ ನರ್ಸ್‌ಗಳು, ಗಾರ್ಮೆಂಟ್ಸ್‌ಗೆ ಬಸ್ಸಿನಲ್ಲಿ ಹೋಗುವ ಹುಡುಗಿಯರು, ದುಬೈಯಲ್ಲಿರುವ ಗೃಹಿಣಿಯರು, ಹೀಗೆ ಎಲ್ಲೆಲ್ಲಿಂದಲೋ ಬರೆಯುತ್ತಿದ್ದರು.

ಇಂಥ ಓದನ್ನು ಕೀಳಾಗಿ ನೋಡುವವರ ಮೇಲೆ ನನಗೆ ನಿಜಕ್ಕೂ ಕೋಪವಿದೆ. ನಮ್ಮ ಅಮ್ಮನ ಕಾಲದಲ್ಲಿ ‘ಸುಧಾ’, ‘ತರಂಗ’ದ ಧಾರಾವಾಹಿಗೆ ಜನ ವಾರವಿಡೀ ಕಾಯುತ್ತಿದ್ದರು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನದ ಬಾಡಿಗೆಗೆ ಕಾದಂಬರಿ ತಂದು, ಅಕ್ಕಪಕ್ಕದ ಮನೆಯವರೂ ಅದೇ ಬಾಡಿಗೆಯಲ್ಲಿ ಓದಿ ಮುಗಿಸುತ್ತಿದ್ದರು. ಆ ಲೈಬ್ರರಿಗಳು ಬಹುತೇಕ ಮುಚ್ಚಿದವು. ಕಂತಿಗಾಗಿ ಕಾಯುವ ಓದು ಹಾಗೇ ಉಳಿಯಿತು, ಫೋನಿಗೆ ಬಂತು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಕನ್ನಡದಲ್ಲೇ ಎಷ್ಟು ಜನ ಬರೆಯುತ್ತಾರೆ ನೋಡಿ. ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಇ-ಬುಕ್ ಜೊತೆ ಆಡಿಯೋ ಪುಸ್ತಕವೂ ಸಿಗುತ್ತದೆ. ಅಡುಗೆ ಮಾಡುತ್ತಾ ಕಾದಂಬರಿ ಕೇಳುವವರು ನಮ್ಮ ಮನೆಯಲ್ಲೇ ಇದ್ದಾರೆ.

ಫೋನ್ ಮಾಡುವವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಆದರೆ ನಮ್ಮ ಹತ್ತಿರ ಮಾತ್ರ ಉಲ್ಟಾ ಮಾತಾಡುತ್ತಾರೆ. ‘ಆ್ಯಪ್‌ನಲ್ಲಿ ಬರೆದರೆ ಯಾರೂ ಲೇಖಕಿ ಅಂತ ಒಪ್ಪಲ್ಲ ಮೇಡಂ. ಪುಸ್ತಕ ಕೈಗೆ ಬರಬೇಕು, ಬಿಡುಗಡೆ ಆಗಬೇಕು, ಪ್ರಶಸ್ತಿಗೆ ಕಳಿಸಬೇಕು.’ ಸ್ವಂತ ದುಡ್ಡು ಹಾಕುವುದಕ್ಕೆ ಹಿಂಜರಿದರೆ ಹಳೇ ಕಾಲದ ಕಾದಂಬರಿಕಾರ ಗಳಗನಾಥರ ಹೆಸರು ತೆಗೆಯುತ್ತಾರೆ. ‘ಅವರೇ ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು, ನಮಗೇನು ನಾಚಿಕೆ?’ ಗಳಗನಾಥರು ಹೊತ್ತದ್ದು ನಿಜ. ಆದರೆ ಅವರು ತಮ್ಮ ಪುಸ್ತಕವನ್ನು ಓದುಗರಿಗೆ ಮಾರಿದರು. ಈ ಕಂಪನಿಗಳು ಓದುಗರಿಗೆ ಏನನ್ನೂ ಮಾರುವುದಿಲ್ಲ. ಅವರ ಗಿರಾಕಿ ಲೇಖಕಿ. ಪ್ಯಾಕೇಜಿನ ದುಡ್ಡು ಬಂದ ದಿನವೇ ಅವರ ವ್ಯಾಪಾರ ಮುಗಿಯಿತು. ಆಮೇಲೆ ಒಂದು ಪ್ರತಿ ಮಾರಾಟವಾಗದಿದ್ದರೂ ಅವರಿಗೆ ನಷ್ಟವಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. 2016ರ ಕೊನೆಯಲ್ಲಿ ಅಮೆಜಾನ್‌ನವರು ತಮ್ಮ ಇ-ಬುಕ್ ಅಂಗಡಿಯಾದ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು. ಕನ್ನಡ ಬರಲಿಲ್ಲ. ತಮಿಳಿನ ಲೇಖಕಿ ಮನೆಯಲ್ಲೇ ಕೂತು ತನ್ನ ಕಾದಂಬರಿಯನ್ನು ತಾನೇ ಏರಿಸಿ ಮಾರುವುದನ್ನು ಕಲಿಯುವ ಹೊತ್ತಿಗೆ ನಮಗೆ ಆ ಬಾಗಿಲೇ ಇರಲಿಲ್ಲ. ಇಂಥ ಖಾಲಿ ಜಾಗದಲ್ಲೇ ಇವರು ಅಂಗಡಿ ಇಡುವುದು. ‘ಕಿಂಡಲ್‌ನಲ್ಲೂ ಹಾಕಿಕೊಡುತ್ತೇವೆ’ ಎಂದು ನನ್ನ ಪ್ಯಾಕೇಜಿನಲ್ಲಿ ಬರೆದಿತ್ತು. ಕೊನೆಗೂ ಹಾಕಲಿಲ್ಲ.

ಈಗ ಪುಸ್ತಕದ ವಿಷಯ. ನಾನು ಕಳಿಸಿದ್ದು ಯೂನಿಕೋಡ್ ಫೈಲು. ಅವರ ಕಡೆ ಪುಟ ಜೋಡಿಸುವ ಡಿಟಿಪಿಯವರು ಅದನ್ನು ಹಳೇ ಫಾಂಟಿಗೆ ಬದಲಾಯಿಸಿದರು. ಅರ್ಕಾವತ್ತುಗಳೆಲ್ಲ ಒಂಬತ್ತಾದವು. ‘ಸೂರ್ಯ’ ಇದ್ದಲ್ಲಿ ‘ಸೂಯ೯’ ಬಂತು. ತಿದ್ದಿ ಕಳಿಸಿದರೆ ‘ಒಂದು ಸಲದ ಕರಡು ಮಾತ್ರ ಪ್ಯಾಕೇಜಿನಲ್ಲಿ ಬರುತ್ತೆ, ಇನ್ನೊಂದಕ್ಕೆ ಬೇರೆ ಚಾರ್ಜು’ ಎಂದರು. ಮುಖಪುಟದಲ್ಲಿ ತೆಂಗಿನ ತೋಟದ ಬದಲು ಯಾವುದೋ ಚಳಿದೇಶದ ಮರಗಳು. ಸುಮಾರು 220 ಪುಟದ ಪುಸ್ತಕಕ್ಕೆ 450 ರೂಪಾಯಿ ಬೆಲೆ ಇಟ್ಟರು. ನನ್ನ ಓದುಗರಲ್ಲಿ ಎಷ್ಟು ಜನ ಅಷ್ಟು ಕೊಟ್ಟಾರು? ‘ಅಕ್ಕಾ, ಆಸೆ ಇದೆ, ಆದರೆ ಈ ತಿಂಗಳು ಆಗಲ್ಲ’ ಎಂದು ಬರೆದವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

‘100% ರಾಯಲ್ಟಿ’ ಎನ್ನುವ ಮಾತಿಗೆ ದಯವಿಟ್ಟು ಮರುಳಾಗಬೇಡಿ. ನನಗೆ ಕಳಿಸಿದ ಲೆಕ್ಕ ಹೀಗಿತ್ತು. ಬೆಲೆ 450. ಅದರಲ್ಲಿ ಮಾರಾಟದ ಕಮಿಷನ್ ಎಂದು ಅರ್ಧ, ಅಂದರೆ 225. ಮುದ್ರಣ ವೆಚ್ಚ ಎಂದು 180. ಉಳಿದ 45 ರೂಪಾಯಿಗೆ ನೂರಕ್ಕೆ ನೂರು ನನ್ನದು. ಆರ್ಡರ್ ಬಂದಾಗ ಒಂದೊಂದೇ ಪ್ರತಿ ಡಿಜಿಟಲ್‌ನಲ್ಲಿ ತೆಗೆಯುವುದರಿಂದ ಖರ್ಚು ಜಾಸ್ತಿ ಎಂದು ಸಮಜಾಯಿಷಿ ಕೊಟ್ಟರು. ಇದೇ ಪುಸ್ತಕವನ್ನು ಆಫ್‌ಸೆಟ್‌ನಲ್ಲಿ 500 ಪ್ರತಿ ಹಾಕಿಸಿದ್ದರೆ ಪ್ರತಿಗೆ ಇದರ ಅರ್ಧವೂ ಬೀಳುತ್ತಿರಲಿಲ್ಲ ಎಂದು ತುಮಕೂರಿನ ಮುದ್ರಕರೊಬ್ಬರು ಆಮೇಲೆ ಲೆಕ್ಕ ಹಾಕಿ ತೋರಿಸಿದರು.

ಬಿಲ್ಲಿನಲ್ಲಿ ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಬೇರೆ ದುಡ್ಡು, ಕಾಪಿರೈಟ್ ನೋಂದಣಿಗೆ ಬೇರೆ ದುಡ್ಡು. ನಮ್ಮ ದೇಶದಲ್ಲಿ ಐಎಸ್‌ಬಿಎನ್‌ಗೆ ಶುಲ್ಕವೇ ಇಲ್ಲ. ದೆಹಲಿಯ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರು ತಾವೇ ಅರ್ಜಿ ಹಾಕಿ ಪಡೆಯಬಹುದು. ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಹಕ್ಕು ಬರೆದವರದ್ದೇ. ಬೇಕಿದ್ದರೆ ಸಾಹಿತ್ಯ ಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ.

ಐಎಸ್‌ಬಿಎನ್ ಕಂಪನಿಯ ಹೆಸರಿನಲ್ಲಿ ಬಂದದ್ದರಿಂದ ಇನ್ನೊಂದು ಪೆಟ್ಟು ಬಿತ್ತು. ಕನ್ನಡದಲ್ಲಿ ಹೊಸ ಪುಸ್ತಕಕ್ಕೆ ಸ್ವಲ್ಪವಾದರೂ ಆಸರೆ ಎಂದರೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿ. ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಕೊಳ್ಳುತ್ತಾರೆ, ದುಡ್ಡು ತಡವಾಗಿ ಬಂದರೂ ಬರುತ್ತದೆ. ಆದರೆ ಅಚ್ಚಾದ ವರ್ಷವೇ ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಸ್ವಾಮ್ಯ ವಿಭಾಗಕ್ಕೆ ಪ್ರತಿಗಳನ್ನು ಕೊಟ್ಟಿರಬೇಕು. ಪ್ರಕಾಶಕರು ಅವರೇ ಆದ್ದರಿಂದ ಕೊಡಬೇಕಾದವರೂ ಅವರೇ. ಕೊಡಲಿಲ್ಲ. ಕೇಳಿದರೆ ‘ಅದು ಬೇರೆ ಪ್ಯಾಕೇಜ್’ ಎಂದರು. ಆ ವರ್ಷ ಕಳೆದುಹೋಯಿತು.

ಇಷ್ಟೆಲ್ಲ ಸಹಿಸಬಹುದಿತ್ತೇನೋ. ಕರಾರನ್ನು ಸಹಿಸಲು ಆಗುತ್ತಿಲ್ಲ.

ಕರಾರು ಬಂದದ್ದು ಮೊದಲ ಕಂತಿನ ದುಡ್ಡು ಕಟ್ಟಿಸಿಕೊಂಡ ಮೇಲೆ, ಪೂರ್ತಿ ಇಂಗ್ಲಿಷಿನಲ್ಲಿ. ಫೋನಿನಲ್ಲಿ ವಿವರಿಸಿದ ಹುಡುಗ ‘ಕಾಪಿರೈಟ್ ಪೂರ್ತಿ ನಿಮ್ಮದೇ ಮೇಡಂ’ ಎಂದ. ಕರಾರಿನ ಒಂದು ಕಲಮಿನಲ್ಲಿ ಹಾಗೇ ಇದೆ. ಅದರ ಮುಂದಿನ ಕಲಮಿನಲ್ಲಿ, ಅಚ್ಚು, ಡಿಜಿಟಲ್, ಆಡಿಯೋ, ಅನುವಾದ, ಸಿನಿಮಾ, ಎಲ್ಲ ರೂಪದಲ್ಲೂ ಬಳಸುವ ಅಧಿಕಾರ ಕಂಪನಿಗೆ ಮಾತ್ರ, ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಇರುವಷ್ಟು ಕಾಲ ಎಂದಿದೆ. ನಮ್ಮಲ್ಲಿ ಕೃತಿಸ್ವಾಮ್ಯ ಇರುವುದು ಬರೆದವರ ಜೀವಮಾನ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ. ಹೆಸರಿಗೆ ಕಥೆ ನನ್ನದು. ಅದರಿಂದ ಏನು ಮಾಡುವುದಿದ್ದರೂ ಅವರನ್ನು ಕೇಳಬೇಕು, ನನ್ನ ಮಕ್ಕಳ ಕಾಲಕ್ಕೂ.

1957ರ ಕಾಪಿರೈಟ್ ಕಾಯ್ದೆಯ 19ನೇ ಕಲಮು ಲೇಖಕರಿಗೆ ಒಳ್ಳೆಯ ರಕ್ಷಣೆ ಕೊಡುತ್ತದೆ. ಹಕ್ಕು ಕೊಟ್ಟ ಅವಧಿ ಬರೆದಿಲ್ಲದಿದ್ದರೆ 5 ವರ್ಷ ಮಾತ್ರ. ಯಾವ ದೇಶಕ್ಕೆ ಎಂದು ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷ ಅದನ್ನು ಬಳಸದೆ ಇಟ್ಟರೆ ಅದು ಬಿದ್ದುಹೋಗುತ್ತದೆ. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಈ ರಕ್ಷಣೆ ಇಲ್ಲ. ನನ್ನ ಕರಾರಿನಲ್ಲಿ ಮೂರಕ್ಕೂ ಬೇರೆ ರೀತಿಯೇ ಬರೆದಿದ್ದಾರೆ. ಬರೆದುಕೊಟ್ಟ ವಕೀಲರಿಗೆ ಈ ಕಲಮು ಬಾಯಿಪಾಠ ಇದ್ದಿರಬೇಕು.

ಸಹಿಯಾದ ಮೇಲೆ ಮೊದಲು ಬಂದ ಮಾತು, ‘ಆ್ಯಪ್‌ನಿಂದ ಕಥೆ ತೆಗೆಯಿರಿ’. ಕರಾರಿನ ಪ್ರಕಾರ ತೆಗೆಯಲೇಬೇಕು. ತೆಗೆದೆ. ಕಂತುಗಳ ಜೊತೆಗೆ ಪ್ರತಿಕ್ರಿಯೆಗಳೂ ಹೋದವು. ಆ ಕಥೆಗಾಗಿ ನನ್ನನ್ನು ಹುಡುಕಿಕೊಂಡು ಬರುತ್ತಿದ್ದ ಹೊಸ ಓದುಗರು ನಿಂತುಹೋದರು. ಕಂತಿನ ಓದು ಅಂದರೆ ಹಾಗೇ ಅಲ್ವಾ, ದಿನಾ ಕಾಣಿಸದಿದ್ದರೆ ಜನ ಇನ್ನೊಬ್ಬರ ಕಥೆಗೆ ಹೋಗುತ್ತಾರೆ. ಅವರದ್ದು ತಪ್ಪಲ್ಲ. ಸ್ವಲ್ಪ ದಿನದ ಮೇಲೆ ಆಡಿಯೋ ಮಾಡುವವರೊಬ್ಬರು ಕೇಳಿಕೊಂಡು ಬಂದರು. ಕಂಪನಿಗೆ ಬರೆದರೆ, ಒಪ್ಪಿಗೆ ಪತ್ರಕ್ಕೆ ನನ್ನ ಇಡೀ ಪ್ಯಾಕೇಜಿಗಿಂತ ಜಾಸ್ತಿ ದುಡ್ಡು ಕೇಳಿದರು. ಆಗ ಅರ್ಥವಾಯಿತು. ಅಚ್ಚಿನ ಪುಸ್ತಕ ಅವರಿಗೆ ಬರೀ ನೆಪ. ಇವತ್ತು ಜನ ಎಲ್ಲಿ ಓದುತ್ತಾರೋ, ಎಲ್ಲಿ ಕೇಳುತ್ತಾರೋ, ಆ ಹಕ್ಕುಗಳೇ ಅವರಿಗೆ ಬೇಕಾಗಿದ್ದವು.

ಹಾಗಾಗಿ ಫೋನ್ ಬಂದರೆ ಮೊದಲು ಕರಾರಿನ ಪ್ರತಿ ಕೇಳಿ, ದುಡ್ಡಿನ ಮಾತಿಗೂ ಮುಂಚೆ. ಕನ್ನಡದಲ್ಲಿ ಕೇಳಿ. ಕೊಡಲ್ಲ ಎಂದರೆ ಅಲ್ಲಿಗೇ ಬಿಡಿ. ಅಚ್ಚಿನ ಹಕ್ಕು ಮಾತ್ರ, ಅದೂ ಇಂತಿಷ್ಟು ವರ್ಷಕ್ಕೆ ಅಥವಾ ಇಂತಿಷ್ಟು ಪ್ರತಿಗೆ ಎಂದು ಬರೆಸಿ. ಆಡಿಯೋ, ಡಿಜಿಟಲ್, ಸಿನಿಮಾ ನಿಮ್ಮ ಹತ್ತಿರವೇ ಇರಲಿ. ಅವರು ಹೆಸರಿಸುವ ‘ನಮ್ಮ ಲೇಖಕರು’ ಇರುತ್ತಾರಲ್ಲ, ಅವರಲ್ಲಿ ಯಾರನ್ನಾದರೂ ನೀವೇ ಹುಡುಕಿ ಮಾತಾಡಿ. ಮೊದಲ ಪುಸ್ತಕವಾದರೆ, 35 ದಾಟಿಲ್ಲದಿದ್ದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನಕ್ಕೆ ಅರ್ಜಿ ಕರೆಯುವುದನ್ನು ಗಮನಿಸಿ. ಸ್ವಂತ ದುಡ್ಡಿನಲ್ಲೇ ಮಾಡುವುದಾದರೆ ಡಿಟಿಪಿ, ಕರಡು, ಮುಖಪುಟ, ಮುದ್ರಣ, ಒಂದೊಂದನ್ನೂ ಬೇರೆ ಬೇರೆಯಾಗಿ ಕೊಡಿ. ಓಡಾಟ ಇದೆ. ಆದರೆ ಪ್ರಕಾಶಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರಿರುತ್ತದೆ.

ಈಗಾಗಲೇ ದುಡ್ಡು ಕಟ್ಟಿದವರು ಬಿಲ್ಲು, ಬ್ಯಾಂಕ್ ವಿವರ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾನು ತುಮಕೂರಿನಲ್ಲಿ ಕೊಟ್ಟಿದ್ದೇನೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. ‘ಮುಂದಿನ ತಿಂಗಳು ಸರಿ ಮಾಡ್ತೀವಿ ಮೇಡಂ’ ಎಂದು ಅವರು ಎಳೆಯುವುದೇ ಆ ಗಡುವು ದಾಟಿಸುವುದಕ್ಕೆ, ನಿಮ್ಮ ಕರಾರಿನ ತಾರೀಕು ಇವತ್ತೇ ತೆಗೆದು ನೋಡಿ.