ಮಲೆನಾಡಿನಲ್ಲಿ ಪ್ರೀಮಿಯರ್ ಪದ್ಮಿನಿ: ಇಂಜಿನ್‌ಗೆ ಹತ್ತಕ್ಕೆ ಒಂಬತ್ತು, ರಬ್ಬರಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ. ಪದ್ಮಿನಿಯ ಇಂಜಿನ್ ನಿಮ್ಮನ್ನು ಕಾಡುವುದಿಲ್ಲ. ಕಾಡುವುದು ರಬ್ಬರು, ತುಕ್ಕು, ಆಮೇಲೆ ಈಗ ಅಂಗಡಿಯಲ್ಲಿ ಸಿಗುವ ಹೊಸ ಬಿಡಿಭಾಗಗಳು. ಈ ಮೂರನ್ನು ಸಂಭಾಳಿಸಲು ಬಂದರೆ ಮನೆಯಂಗಳದಲ್ಲೇ ಈ ಕಾರನ್ನು ಇಟ್ಟುಕೊಳ್ಳಬಹುದು.

ನಮ್ಮದು 1984ರ ಗಾಡಿ. ಸ್ಟೀರಿಂಗ್ ಪಕ್ಕದ ಗೇರು, ಮುಂದೆ ಉದ್ದನೆಯ ಒಂದೇ ಸೀಟು. ಮಾವನವರ ಕೈಯಿಂದ ನನ್ನ ಕೈಗೆ ಬಂದು ಹದಿನೈದು ವರ್ಷ ದಾಟಿದೆ. ಇರುವುದು ತೀರ್ಥಹಳ್ಳಿ ಕಡೆ. ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ತಿಂಗಳು ಕೆಂಪು ಧೂಳು. ಬಯಲುಸೀಮೆಯವರ ಅನುಭವ ಸ್ವಲ್ಪ ಬೇರೆ ಇರಬಹುದು, ಅವರಿಗೆ ತುಕ್ಕಿನ ಕಾಟ ಕಡಿಮೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇದು ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಇದನ್ನು ತಯಾರಿಸುತ್ತಿತ್ತು. 1974ರಿಂದ ಪದ್ಮಿನಿ ಎಂದು ಹೆಸರಾಯಿತು. ನಮ್ಮೂರಲ್ಲಿ ಮಾತ್ರ ಇಂದಿಗೂ ‘ಫಿಯೆಟ್ ಕಾರು’ ಅಂದರೇನೇ ಗೊತ್ತಾಗುವುದು. ಇಂಜಿನ್ 1089 ಸಿಸಿ, ನಾಲ್ಕು ಸಿಲಿಂಡರು, ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬ್ಯುರೇಟರ್. ಕಂಪ್ಯೂಟರು, ಸೆನ್ಸರು ಯಾವುದೂ ಇಲ್ಲ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಯೂ ಹೋಗುತ್ತದೆ. ಮನೆಯಲ್ಲಿ ರಿಪೇರಿ ಮಾಡುವವನಿಗೆ ಅರ್ಧ ಕೆಲಸ ಅಲ್ಲೇ ಮುಗಿದ ಹಾಗೆ.

ಓಡಿಸಲು ಹೇಗಿದೆ ಎಂದು ಕೇಳುವವರು ಜಾಸ್ತಿ. ಎಪ್ಪತ್ತರ ವೇಗದವರೆಗೆ ಆರಾಮ, ಅದರ ಮೇಲೆ ಗದ್ದಲ. ಮೈಲೇಜು ಹೈವೇಯಲ್ಲಿ 13ರ ಆಸುಪಾಸು, ಊರೊಳಗೆ 10. ಮೊದಲ ಗೇರಿಗೆ ಸಿಂಕ್ರೊಮೆಶ್ (ಓಡುತ್ತಿರುವಾಗಲೂ ಗೇರು ಸಲೀಸಾಗಿ ಬೀಳಿಸುವ ವ್ಯವಸ್ಥೆ) ಇಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು. ಎಸಿ ಇಲ್ಲ, ಆದರೆ ಮುಂದಿನ ಬಾಗಿಲಿನ ಚಿಕ್ಕ ತಿರುಗು ಗಾಜು ಇದೆಯಲ್ಲ, ಅದನ್ನು ಓರೆ ಮಾಡಿದರೆ ಬರುವ ಗಾಳಿಗೆ ಯಾವ ಎಸಿಯೂ ಬೇಡ. ಇಷ್ಟು ಸಾಕು, ರಿಪೇರಿಗೆ ಬರೋಣ.

ಇಗ್ನಿಷನ್, ಅಂದರೆ ಪೆಟ್ರೋಲಿಗೆ ಕಿಡಿ ಹಚ್ಚುವ ಭಾಗದ ಕೆಲಸ ಇಡೀ ಗಾಡಿಯಲ್ಲೇ ಅತಿ ಸುಲಭ. ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ ಸರಿ ಇದೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಬೆಳ್ಳಗಿದ್ದರೆ ಕಡಿಮೆ. ಹಳೆ ಮೆಕ್ಯಾನಿಕ್‌ಗಳು ಪ್ಲಗ್ ಗ್ಯಾಪ್‌ಗೆ ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡುತ್ತಾರೆ. ಪ್ಲಗ್‌ಗೆ ಅದು ನಡೆಯುತ್ತದೆ. ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಪಾಯಿಂಟಿಗೆ ಮಾತ್ರ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿಗಳು) ಕೊಳ್ಳಿ. ಅಲ್ಲಿ ಬೇಕಾದ ಅಂತರ 0.45 ಮಿಲಿಮೀಟರ್ ಆಸುಪಾಸು, ಕಣ್ಣಂದಾಜಿಗೆ ಸಿಗುವುದಿಲ್ಲ. ನಾನು ಹಾಕುವುದು ಈಗಲೂ ಬಾಷ್ ಪ್ಲಗ್ಗೇ, ಕೇಳುವುದು ಮಾತ್ರ ‘ಮೈಕೋ ಪ್ಲಗ್ ಕೊಡಿ’ ಎಂದೇ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲೇ ಹೆಸರು ಬದಲಿಸಿಕೊಂಡರೂ ನಮ್ಮ ಅಂಗಡಿಯವರು ಇನ್ನೂ ಒಪ್ಪಿಲ್ಲ.

ಪಾಯಿಂಟು ಸುಡದಂತೆ ಕಾಯುವ ಕಂಡೆನ್ಸರ್ ಬಗ್ಗೆ ಮಾತ್ರ ನನಗೆ ಸಿಟ್ಟಿದೆ. ಹೆಬ್ಬೆಟ್ಟಿನ ಗಾತ್ರದ ವಸ್ತು, ಬೆಲೆಯೂ ಏನಿಲ್ಲ. ಆದರೆ ಅದು ಕೈಕೊಟ್ಟರೆ ಗಾಡಿ ಬಿಸಿಯಾದಾಗ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲ ಎಂಬಂತೆ ಸ್ಟಾರ್ಟ್ ಆಗುತ್ತದೆ. ಇದನ್ನೇ ಪೆಟ್ರೋಲ್ ತೊಂದರೆ ಎಂದುಕೊಂಡು ಎಷ್ಟೋ ಜನ ಕಾರ್ಬ್ಯುರೇಟರ್ ಬಿಚ್ಚಿ ಹರಡಿಕೊಂಡು ಕೂರುತ್ತಾರೆ. ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಯಿರಿ. ಪಾಯಿಂಟುಗಳು ಸುಟ್ಟು ನೀಲಿಯಾಗಿದ್ದರೆ, ಅವುಗಳ ನಡುವೆ ಜೋರಾಗಿ ಕಿಡಿ ಹಾರುತ್ತಿದ್ದರೆ ಅನುಮಾನ ಬೇಡ. ಈಗ ಬರುವ ಹೊಸ ಕಂಡೆನ್ಸರುಗಳಲ್ಲಿ ಕೆಲವು ಒಂದು ಮಳೆಗಾಲವೂ ಬಾಳುವುದಿಲ್ಲ. ಆದ್ದರಿಂದ ಚೆನ್ನಾಗಿ ಕೆಲಸ ಮಾಡುತ್ತಿರುವ ಹಳೆಯದೊಂದನ್ನು ಗ್ಲೋವ್ ಬಾಕ್ಸಿನಲ್ಲಿ ಇಟ್ಟಿರುತ್ತೇನೆ. ಹೊಸದಕ್ಕಿಂತ ಹಳೆಯದರ ಮೇಲೆ ನಂಬಿಕೆ ಇಡಬೇಕಾದ ಗಾಡಿ ಇದು. ಪಾಯಿಂಟು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡ ಗೆಳೆಯರಿದ್ದಾರೆ, ಅವರು ನೆಮ್ಮದಿಯಾಗಿಯೇ ಇದ್ದಾರೆ. ಆದರೆ ಅದು ಕೆಟ್ಟರೆ ಕಾಡಿನ ರಸ್ತೆಯಲ್ಲಿ ನಿಂತು ಸ್ಕ್ರೂಡ್ರೈವರ್‌ನಲ್ಲಿ ಸರಿಮಾಡಲು ಆಗುವುದಿಲ್ಲ ಅಲ್ವಾ?

ಇನ್ನು ಪೆಟ್ರೋಲು. ಮೆಕ್ಯಾನಿಕ್‌ಗಳು ‘ಎಸಿ ಪಂಪ್’ ಎನ್ನುವ ಫ್ಯೂಯಲ್ ಪಂಪು ಇಂಜಿನ್ನಿಗೆ ಅಂಟಿಕೊಂಡೇ ಇದೆ. ಬೇಸಿಗೆಯಲ್ಲಿ ಅದರೊಳಗಿನ ಪೆಟ್ರೋಲು ಆವಿಯಾಗಿ ಗಾಡಿ ಮುಕ್ಕರಿಸುತ್ತದೆ. ಒದ್ದೆ ಬಟ್ಟೆ ಸುತ್ತುವ ಮದ್ದು ಎಲ್ಲರಿಗೂ ಗೊತ್ತು, ಕೆಲಸವನ್ನೂ ಮಾಡುತ್ತದೆ. ಆದರೆ ಈಗಿನ ತಲೆನೋವು ಬೇರೆ. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ 20 ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಯಿತು. ಈ ಕಾರು ತಯಾರಾದ ಕಾಲದ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ. ಪಂಪಿನೊಳಗಿನ ರಬ್ಬರ್ ಪೊರೆ (ಡಯಾಫ್ರಾಮ್) ಉಬ್ಬುತ್ತದೆ ಅಥವಾ ಸೆಟೆಯುತ್ತದೆ, ಪೈಪು ಒಳಗಿನಿಂದ ಪುಡಿಯಾಗಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್ಟಿನಲ್ಲಿ ಕೂರುತ್ತದೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನಮ್ಮ ಕಡೆಯ ಗಾಳಿಯಲ್ಲಿ ನೀರಿಗೇನು ಬರ?

ನಾನು ಮಾಡಿಕೊಂಡ ಏರ್ಪಾಡು ಹೀಗಿದೆ. ಪೆಟ್ರೋಲ್ ಪೈಪನ್ನು ಮೀಟರ್ ಲೆಕ್ಕದಲ್ಲಿ ಯಾವುದೋ ಒಂದು ಕೊಳ್ಳದೆ, ಮೇಲೆ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಹುಡುಕಿ ಹಾಕಿದೆ. ಬೆಲೆ ಜಾಸ್ತಿ, ಆದರೆ ಎಥನಾಲ್ ತಡೆಯುತ್ತದೆ. ಪಂಪಿನ ಕಿಟ್ ಒಂದು ಯಾವಾಗಲೂ ಡಿಕ್ಕಿಯಲ್ಲಿ ಇರುತ್ತದೆ. ಎಥನಾಲ್ ಜೊತೆ ಮಿಕ್ಸ್ಚರ್ ಸಣಕಲಾಗುವುದರಿಂದ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲದಿರುವುದರಿಂದ, ಕಾರ್ಬ್ಯುರೇಟರಿನ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಸಿದ್ದೇನೆ. ಜೆಟ್ ಶುಚಿ ಮಾಡುವಾಗ ಗಾಳಿ ಊದಿ, ತಂತಿ ಚುಚ್ಚಬೇಡಿ. ತೂತು ಒಂದು ಕೂದಲೆಳೆ ದೊಡ್ಡದಾದರೂ ಮೈಲೇಜು ಹೋಯಿತು. ಮಳೆಗಾಲದಲ್ಲಿ ನಿಲ್ಲಿಸಿಟ್ಟ ಗಾಡಿಯನ್ನು ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸವೂ ಕೆಟ್ಟದ್ದು. ಇಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರಿನ ಪಸೆ ಉಳಿಯುತ್ತದೆ. ಅರ್ಧ ಗಂಟೆ ಓಡಿಸಿ, ಇಲ್ಲವಾದರೆ ಸುಮ್ನೆ ಬಿಡಿ.

ರೇಡಿಯೇಟರ್ ವಿಷಯದಲ್ಲಿ ಊರಿನ ಮೆಕ್ಯಾನಿಕ್‌ಗಳ ಜೊತೆ ನನ್ನದು ಹಳೆಯ ಜಗಳ. ಗಾಡಿ ಬಿಸಿಯಾಗುತ್ತದೆ ಎಂದರೆ ಸಾಕು, ‘ಥರ್ಮೋಸ್ಟಾಟ್ ಕಿತ್ತು ಬಿಸಾಡಿ’ ಎನ್ನುತ್ತಾರೆ. ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಬಿರಡೆ ಅದು. ಅದನ್ನು ಕಿತ್ತರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ನಿಜವಾದ ಕಾರಣ ಹೆಚ್ಚಿನ ಸಲ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ ರೇಡಿಯೇಟರು, ಸಡಿಲವಾದ ಬೆಲ್ಟು ಅಥವಾ ಸೋರುವ ವಾಟರ್ ಪಂಪು. ರೇಡಿಯೇಟರನ್ನು ಬಿಚ್ಚಿಸಿ ಒಳಗೆ ಸಲಾಕೆ ಹಾಯಿಸಿ ತೊಳೆಸಿದೆ. ಆಮೇಲೆ ಕೂಲಂಟ್ ಬಿಟ್ಟು ನೀರು ಹಾಕಿಲ್ಲ. ಬೇಸಿಗೆಯಲ್ಲಿ ಶಿವಮೊಗ್ಗದ ಟ್ರಾಫಿಕ್‌ನಲ್ಲೂ ಮುಳ್ಳು ಮೇಲೇರುವುದಿಲ್ಲ.

ಬ್ರೇಕು ನಾಲ್ಕೂ ಚಕ್ರಕ್ಕೆ ಡ್ರಮ್. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಡ್ರಮ್ ಬ್ರೇಕಿನ ಅರ್ಥ ಗೊತ್ತಾಗುತ್ತದೆ. ಕಾಲಿಟ್ಟುಕೊಂಡೇ ಇಳಿದರೆ ಸೋಮೇಶ್ವರ ಬರುವಷ್ಟರಲ್ಲಿ ಬ್ರೇಕು ಹಿಡಿಯುವುದೇ ಕಷ್ಟ. ಎರಡನೇ ಗೇರಿನಲ್ಲಿ ಇಂಜಿನ್ನಿಗೇ ಹಿಡಿತ ಬಿಟ್ಟು ಇಳಿಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುವ ವಸ್ತು. ನಮ್ಮ ಕಡೆಯವರು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅದರ ಜೊತೆಗೇ ವೀಲ್ ಸಿಲಿಂಡರ್ ರಬ್ಬರುಗಳನ್ನೂ ಬದಲಿಸುತ್ತೇನೆ, ಸೋರಲಿ ಬಿಡಲಿ. ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ. ಪೆಡಲ್ ಒತ್ತುವ ಕೆಲಸ ನಮ್ಮನೆಯಲ್ಲಿ ಹೆಂಡತಿಯದು, ಬೈಗುಳದ ಕೆಲಸವೂ ಅವಳದೇ.

ಗಾಡಿ ಕೆಳಗೆ ಹೋಗುವ ಮೊದಲು ಒಂದು ಮಾತು. ಬರೀ ಜಾಕಿ ನಂಬಿ ತಲೆ ತೂರಿಸಬೇಡಿ. ಎತ್ತಿದ ಗಾಡಿಯ ಭಾರ ಹೊರುವ ಎರಡು ಆಕ್ಸಲ್ ಸ್ಟ್ಯಾಂಡ್ ಕೊಳ್ಳಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡುವವರನ್ನು ಕಂಡಿದ್ದೇನೆ, ಅವು ಹೇಳದೆ ಕೇಳದೆ ಒಡೆಯುತ್ತವೆ.

ಗೇರಿನ ಸರಳುಗಳನ್ನು ಜೋಡಿಸುವ ಕೀಲಿನ ಬುಷ್ (ಲಿಂಕೇಜ್ ಬುಷ್) ಸವೆದರೆ ಎರಡು ಗೇರುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬಾನೆಟ್ ಎತ್ತಿ ಸ್ಟೀರಿಂಗ್ ಕಂಬದ ಬುಡದ ಲಿವರನ್ನು ಕೈಯಿಂದ ಸರಿಸಿದರೆ ಬಿಡುತ್ತದೆ. ಬುಷ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್‌ಪಿನ್‌ಗಳಿಗೆ ಗ್ರೀಸ್ ಗನ್ ಹಿಡಿಯುವುದನ್ನು ಮರೆತವರು ಮಾತ್ರ ಆಮೇಲೆ ದೊಡ್ಡ ಬಿಲ್ ಕಟ್ಟುತ್ತಾರೆ.

ನಿಜವಾದ ಶತ್ರು ತುಕ್ಕು. ಕೆಲವು ವರ್ಷದ ಹಿಂದೆ ಒಂದು ಗ್ಯಾರೇಜಿಗೆ ಬಾಡಿ ಕೆಲಸಕ್ಕೆ ಕೊಟ್ಟಿದ್ದೆ. ಹೊಳೆಯುವ ಬಣ್ಣದೊಂದಿಗೆ ವಾಪಸು ಬಂತು. ಮುಂದಿನ ಮಳೆಗಾಲಕ್ಕೆ ಬಾಗಿಲಿನ ಕೆಳಗೆ ಗುಳ್ಳೆ ಎದ್ದಿತು. ಕೆರೆದು ನೋಡಿದರೆ ತುಕ್ಕಿನ ತೂತಿನ ಮೇಲೇ ಬೆರಳು ದಪ್ಪದ ಪುಟ್ಟಿ ಮೆತ್ತಿದ್ದರು. ಕೇಳಿದರೆ ‘ಹಳೇ ಗಾಡಿ ಸಾರ್, ಇಷ್ಟೇ’ ಎಂಬ ಉತ್ತರ. ಆಮೇಲೆ ಬೇರೆ ಟಿಂಕರ್ ಹತ್ತಿರ ಕೊಳೆತ ತಗಡು ಕತ್ತರಿಸಿ ಹೊಸ ತಗಡು ಬೆಸೆಸಬೇಕಾಯಿತು. ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಮ್ಯಾಟು ಎತ್ತಿ, ನೆಲದ ತಗಡು, ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿ ತಟ್ಟೆಯ ಅಡಿ, ಬಾಗಿಲಿನ ಕೆಳಗಿನ ನೀರಿಳಿಯುವ ತೂತುಗಳನ್ನು ಒಂದೊಂದಾಗಿ ನೋಡುತ್ತೇನೆ. ಆ ತೂತು ಎಲೆ ಕಸದಿಂದ ಕಟ್ಟಿಕೊಂಡರೆ ಬಾಗಿಲೇ ನೀರಿನ ತೊಟ್ಟಿ. ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ (ಬೀಡಿಂಗ್) ಗಟ್ಟಿಯಾಗಿ ಸೀಳಿದ್ದರೆ ಅದನ್ನೇ ಮೊದಲು ಬದಲಿಸಿ, ಬಣ್ಣ ಆಮೇಲೆ.

ಬಿಡಿಭಾಗ ಸಿಗುತ್ತದೆಯೇ? ಸಿಗುತ್ತದೆ, ಹುಡುಕಬೇಕು ಅಷ್ಟೇ. ಸರ್ವಿಸ್ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆ ಅಸಲಿ ಭಾಗಗಳಿಗೆ ಶಿವಾಜಿನಗರದ ಗುಜರಿ. ಮುಂಬೈಯಲ್ಲಿ ಸಾವಿರಾರು ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗ ತಯಾರಿಸುವವರಿಗೂ ವ್ಯಾಪಾರವಿತ್ತು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಟ್ಯಾಕ್ಸಿಯ ಅವಧಿ ಮುಗಿಯಿತು. ಅಲ್ಲಿಂದೀಚೆಗೆ ಕಣ್ಣಿಗೆ ಬಿದ್ದ ಅಸಲಿ ಭಾಗವನ್ನು ಬೇಕೋ ಬೇಡವೋ ಎಂದು ಯೋಚಿಸದೆ ಕೊಂಡಿಡುತ್ತಿದ್ದೇನೆ. ಅಟ್ಟದ ಮೇಲೆ ಈಗ ಅಡಿಕೆ ಮೂಟೆಗಿಂತ ಫಿಯೆಟ್ ಸಾಮಾನೇ ಜಾಸ್ತಿ.

ಕಾಗದಪತ್ರದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ವರೆಗೆ ಶುಲ್ಕ 600 ರೂಪಾಯಿ ಇತ್ತು, ಆಮೇಲೆ 5,000 ಆಯಿತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ಐವತ್ತು ವರ್ಷ ತುಂಬಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. 2034ರಲ್ಲಿ ನಮ್ಮದಕ್ಕೂ ಅವಕಾಶ ಬರುತ್ತದೆ. ನಾನಂತೂ ಮಾಡಿಸುವುದಿಲ್ಲ, ಪೇಟೆಗೆ ಹೋಗಲು ಬಾರದ ಕಾರು ನನಗೇಕೆ?

ಒಂದೇ ಕಾರು ಇಟ್ಟುಕೊಂಡು ದಿನಾ ಆಫೀಸಿಗೆ ಹೋಗುವವರು ಇದರ ತಂಟೆಗೆ ಬರಬೇಡಿ. ಮನೆಯಲ್ಲಿ ಇನ್ನೊಂದು ಗಾಡಿ, ಸೂರಿರುವ ಜಾಗ, ಕೈಗೆ ಗ್ರೀಸ್ ಹತ್ತಿದರೆ ಬೇಜಾರಿಲ್ಲದ ಸ್ವಭಾವ ಇದ್ದರೆ ಕೊಳ್ಳಿ. ನೋಡಲು ಹೋದಾಗ ಇಂಜಿನ್ ಸದ್ದಿಗೆ ಮರುಳಾಗಬೇಡಿ, ಸವೆದ ಇಂಜಿನ್ನನ್ನು ಯಾವಾಗ ಬೇಕಾದರೂ ಬೋರ್ ಮಾಡಿಸಬಹುದು, ಅಂದರೆ ಸಿಲಿಂಡರ್ ಕೊರೆಸಿ ಹೊಸದರಂತೆ ಮಾಡಿಸಬಹುದು. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ ಇಟ್ಟುಕೊಂಡು ಹೋಗಿ ಬಾಗಿಲಿನ ಕೆಳಅಂಚಿಗೆ, ಚಕ್ರದ ಕಮಾನಿಗೆ ಹಿಡಿದು ನೋಡಿ. ಅಂಟದಿದ್ದರೆ ಒಳಗಿರುವುದು ಪುಟ್ಟಿ. ಮಾರುವವರು ಮ್ಯಾಟು ಎತ್ತಲು ಬಿಡದಿದ್ದರೆ ಕಾಫಿ ಕುಡಿದು ವಾಪಸು ಬನ್ನಿ.