ಜೋಳದ ಗರಿ ತಾಗಿದ ಕಣ್ಣಿಗೆ ಅಂಗಡಿಯ ಡ್ರಾಪ್ಸ್ ಹಾಕಬೇಡಿ

ಗೌರಿಬಿದನೂರು ತಾಲ್ಲೂಕಿನ ನಮ್ಮ ಹೊಲದಲ್ಲಿ ಮುಸುಕಿನ ಜೋಳ ಮುರಿಯುವಾಗ ಅಪ್ಪನ ಬಲಗಣ್ಣಿಗೆ ಒಣಗಿದ ಗರಿಯೊಂದು ಬಡಿಯಿತು. ರಾತ್ರಿಯ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಬೆಳಿಗ್ಗೆ ಔಷಧದ ಅಂಗಡಿಗೆ ಹೋಗಿ, ಕಣ್ಣು ಕೆಂಪಾಗಿದೆ ಎಂದಷ್ಟೇ ಹೇಳಿ ಡ್ರಾಪ್ಸ್ ತಂದವನು ನಾನು. ಗರಿ ಬಡಿದದ್ದನ್ನು ಹೇಳಲೇ ಇಲ್ಲ, ಅವರೂ ಕೇಳಲಿಲ್ಲ.

ಎರಡು ದಿನದಲ್ಲಿ ಕೆಂಪು ಇಳಿಯಿತು. ನಮಗೆಲ್ಲ ಸಮಾಧಾನ. ಐದನೆಯ ದಿನ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿತು. ‘ಕಣ್ಣಿಗೆ ಹೂ ಬಿದ್ದಿದೆ’ ಎಂದು ಅಜ್ಜಿ ಹರಳೆಣ್ಣೆ ಬಿಡಲು ಬಂದರು. ಅದನ್ನಾದರೂ ತಡೆದೆ.

ಬೆಂಗಳೂರಿನ ಕಣ್ಣಿನ ವೈದ್ಯರು ಆ ಚುಕ್ಕೆ ಹುಣ್ಣು ಎಂದು ಹೇಳಿ, ಅದರ ಅಂಚನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಶಿಲೀಂಧ್ರದ ಎಳೆಗಳಿದ್ದವು. ನಾನು ತಂದಿದ್ದ ಸೀಸೆಯಲ್ಲಿ ಆ್ಯಂಟಿಬಯೋಟಿಕ್ ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತು. ಆ್ಯಂಟಿಬಯೋಟಿಕ್ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಸ್ಟೀರಾಯ್ಡ್ ಕೆಂಪನ್ನು ಇಳಿಸುತ್ತದೆ, ಆದರೆ ಕಣ್ಣು ಸೋಂಕಿನ ಜೊತೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ನಾವು ನೆಮ್ಮದಿಯಾಗಿದ್ದ ಆ ದಿನಗಳಲ್ಲೇ ಶಿಲೀಂಧ್ರ ಒಳಕ್ಕೆ ಇಳಿದಿತ್ತು.

ಶಿಲೀಂಧ್ರವನ್ನು ಕೊಲ್ಲುವ ಶೇಕಡಾ 5ರ ನಾಟಮೈಸಿನ್ ಡ್ರಾಪ್ಸ್ ಬರೆದುಕೊಟ್ಟರು. ಮೊದಲ ದಿನಗಳಲ್ಲಿ ಹಗಲೂ ರಾತ್ರಿಯೂ ಗಂಟೆಗೊಂದು ಹನಿ. ಮೊಬೈಲಿನಲ್ಲಿ ಅಲಾರಂ ಇಟ್ಟು ಅಮ್ಮನೂ ನಾನೂ ಸರದಿಯ ಮೇಲೆ ಎದ್ದೆವು. ನಾಲ್ಕು ದಿನ ಬಿಟ್ಟು ತೋರಿಸಿದಾಗ ಹುಣ್ಣು ಕುಗ್ಗಿರಲಿಲ್ಲ. ‘ಸೀಸೆ ಕುಲುಕಿ ಹಾಕುತ್ತಿದ್ದೀರಾ?’ ಎಂದು ವೈದ್ಯರು ಕೇಳಿದರು. ಕುಲುಕಿರಲಿಲ್ಲ. ಈ ಔಷಧ ನೀರಿನಲ್ಲಿ ಕರಗಿರುವುದಿಲ್ಲ, ಬಿಳಿ ಪುಡಿಯಾಗಿ ತಳ ಸೇರುತ್ತದೆ. ಅಷ್ಟು ರಾತ್ರಿ ನಿದ್ದೆಗೆಟ್ಟು ನಾವು ಹಾಕಿದ್ದು ಹೆಚ್ಚಾಗಿ ಮೇಲಿನ ತಿಳಿಯನ್ನು. ಅದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಪ್ರತಿ ಸಲವೂ ಚೆನ್ನಾಗಿ ಕುಲುಕಿ. ಹಾಕಿದ ಮೇಲೆ ಕಣ್ಣಿನಲ್ಲಿ ಬಿಳಿ ಪುಡಿ ಅಂಟಿದಂತೆ ಕಂಡರೆ ಗಾಬರಿಯಾಗಬೇಡಿ, ಅದು ಔಷಧವೇ.

ಕೈ ತೊಳೆಯದೆ ಸೀಸೆ ಮುಟ್ಟಬೇಡಿ, ಅದರ ತುದಿ ರೆಪ್ಪೆಗೂ ತಾಗಬಾರದು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಸೀಸೆ ಇಡಬೇಡಿ.

ಹತ್ತನೆಯ ದಿನ ನೋವು ಹೋಯಿತು, ಇನ್ನು ಸಾಕು ಎಂದರು ಅಪ್ಪ. ವೈದ್ಯರು ಒಪ್ಪಲಿಲ್ಲ: ನೋವು ಹೋದರೂ ಶಿಲೀಂಧ್ರ ಉಳಿದಿರಬಹುದು, ವಾರಗಟ್ಟಲೆ ಹಾಕಬೇಕು, ಯಾವಾಗ ನಿಲ್ಲಿಸಬೇಕೆಂದು ಪರೀಕ್ಷೆ ಮಾಡಿಯೇ ಹೇಳುತ್ತೇನೆ ಎಂದರು. ಆರು ವಾರ ಹಾಕಿದೆವು.

ಕಣ್ಣು ಉಳಿಯಿತು. ಕಲೆಯೂ ಉಳಿಯಿತು. ಎಡಗಣ್ಣು ಮುಚ್ಚಿದರೆ ಅಪ್ಪನಿಗೆ ಬಸ್ಸಿನ ಬೋರ್ಡು ಓದಲಾಗುವುದಿಲ್ಲ. ಗರಿ, ಹೊಟ್ಟು, ರಾಗಿ ತೆನೆ, ಏನೇ ಕಣ್ಣಿಗೆ ಬಡಿದಿದ್ದರೂ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಅಲ್ಲಿಯವರೆಗೆ ಏನಾದರೂ ಹಾಕಿದ್ದರೆ ಆ ಸೀಸೆಯನ್ನೂ ಜೊತೆಗೆ ಒಯ್ಯಿರಿ.